ಮಂದಾಕಿನಿಯ ಕಣಿವೆಯಲ್ಲಿ ಹತ್ತು ದಿನ

ಬೆಟ್ಟವೆಂಬುದು ನಮ್ಮ ಸೀಮೆಯವರಿಗೆ ಹೊಸ ವಸ್ತುವಲ್ಲ. ಹಿರೇಗುಂಟನೂರಿನ ಹೊಲದ ಬದುವಿನ ಮೇಲೆ ನಿಂತು ಕಣ್ಣು ಹಾಯಿಸಿದರೆ ಒಂದಲ್ಲ ಒಂದು ಗುಡ್ಡ ಅಡ್ಡ ಬರುತ್ತದೆ. ಭೀಮಸಮುದ್ರದ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ಚಿತ್ರದುರ್ಗದ ಬಂಡೆಗಳ ಮೇಲೆ ಏಳು ಸುತ್ತಿನ ಕೋಟೆಯಿದೆ, ಅದರಾಚೆ ಜೋಗಿಮಟ್ಟಿಯಿದೆ. ನಮ್ಮ ಗುಡ್ಡಗಳಲ್ಲಿ ಇಲ್ಲದಿರುವುದು ನೀರು. ೧೯೦೭ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಒಮ್ಮೆ ಕೋಡಿ ಹರಿದು, ಮತ್ತೊಮ್ಮೆ ಕೋಡಿ ಹರಿಯಲು ೨೦೨೨ನೆಯ ಇಸವಿಯವರೆಗೆ, ಎಂದರೆ ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತೆಂಬ ಒಂದು ಮಾತಿನಿಂದಲೇ ವಾಚಕರು ನಮ್ಮ ನಾಡಿನ ಸ್ಥಿತಿಯನ್ನು ತಿಳಿಯಬಹುದು. ಇಂತಹ ನಾಡಿನವರಿಗೆ, ಬೇಸಗೆಯಲ್ಲಿಯೂ ಬತ್ತದೆ ಬೆಟ್ಟದ ನೆತ್ತಿಯಿಂದ ನದಿಗಳನ್ನು ಇಳಿಸುವ ಹಿಮಾಲಯವನ್ನು ಒಮ್ಮೆ ನೋಡಬೇಕೆಂಬ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು?

ಈ ಆಸೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ನಮ್ಮ ತಂದೆಯವರಿಗೆ. ಅಡಿಕೆ ತೋಟದ ಮೊದಲ ಫಸಲು ಕೈಗೆ ಬಂದ ವರ್ಷವೇ ಅವರು ಕೇದಾರಕ್ಕೆ ಹೋಗಿಬರುವುದಾಗಿ ಹರಕೆ ಹೊತ್ತಿದ್ದರು. ಹಲವು ವರ್ಷ ಕೊಳವೆಬಾವಿಯ ಸಾಲವೂ ಮಕ್ಕಳ ಓದೂ ಅವರನ್ನು ತಡೆದುವು. ಕಡೆಗೆ ೨೦೧೩ರ ಜೂನ್ ತಿಂಗಳಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಮುಂಗಾರು ಹದವಾಗಿ ಬಂದುದರಿಂದ, ಬಿತ್ತನೆ ಮುಗಿಯಲೆಂದು ಪ್ರಯಾಣವನ್ನು ಮುಂದಕ್ಕೆ ಹಾಕಿದರು. ಅದೇ ತಿಂಗಳ ೧೬ ಮತ್ತು ೧೭ನೆಯ ತಾರೀಖುಗಳಲ್ಲಿ ಕೇದಾರದ ಕಣಿವೆಯಲ್ಲಿ ನಡೆದ ಪ್ರಳಯವನ್ನು ವಾಚಕರು ಮರೆತಿರಲಾರರು. ಆ ಮೇಲೆ ತಂದೆಯವರು ಯಾತ್ರೆಯ ಮಾತನ್ನೇ ಎತ್ತಲಿಲ್ಲ. ೨೦೨೧ರಲ್ಲಿ ಅವರು ತೀರಿಕೊಂಡರು. ಹರಕೆ ಉಳಿಯಿತು.

ಅವರ ಹರಕೆಯನ್ನು ತಾವು ತೀರಿಸುವುದಾಗಿ ನಮ್ಮ ತಾಯಿಯವರು ಹಟ ಹಿಡಿದಾಗ ಅವರಿಗೆ ಎಪ್ಪತ್ತೊಂದು ವರ್ಷ. ತಂದೆಯವರು ನೆಟ್ಟ ಮರಗಳಿಂದ ಹನ್ನೊಂದು ಅಡಿಕೆಗಳನ್ನು ತಾವೇ ಆರಿಸಿ, ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಆ ಗಂಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ೨೦೨೩ರ ನವೆಂಬರ್ ಮೊದಲ ವಾರದಲ್ಲಿ ತಾಯಿಯವರು, ನಮ್ಮ ಮನೆಯಾಕೆ, ಭಾವಮೈದುನ ಹಾಗೂ ನಾವು, ಹೀಗೆ ನಾಲ್ವರು ದಾವಣಗೆರೆಯಲ್ಲಿ ರೈಲು ಹತ್ತಿದೆವು.

ಇಷ್ಟು ದೂರದ ಕೇದಾರಕ್ಕೂ ನಮ್ಮ ಕನ್ನಡ ನಾಡಿಗೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬದರೀನಾಥದಲ್ಲಿ ಪೂಜೆಯ ಅಧಿಕಾರ ಕೇರಳದ ನಂಬೂದಿರಿಗಳದಾದರೆ, ಕೇದಾರನಾಥದಲ್ಲಿ ಅದು ವೀರಶೈವ ಜಂಗಮರದು. ಅಲ್ಲಿಯ ಮುಖ್ಯಸ್ಥರಿಗೆ ರಾವಲರೆಂದು ಹೆಸರು. ರಾವಲರು ತಾವೇ ಪೂಜೆಗೆ ಕೂರುವುದಿಲ್ಲ. ಅವರ ಅಪ್ಪಣೆಯಂತೆ ಶಿಷ್ಯರಾದ ಅರ್ಚಕರು ಪೂಜೆ ನಡೆಸುತ್ತಾರೆ. ಈ ಅರ್ಚಕರು ಪರಂಪರೆಯಿಂದ ಕರ್ನಾಟಕದ ಕಡೆಯಿಂದ ಹೋದವರು. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿಗಳೊಡನೆ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವಿರುವುದು ಈ ಕಣಿವೆಯ ಊಖೀಮಠದಲ್ಲಿ. ಇವುಗಳಲ್ಲಿ ಉಜ್ಜಯಿನಿಯು ನಮ್ಮ ಜಿಲ್ಲೆಯ ಗಡಿಯಾಚೆ ಕೊಟ್ಟೂರಿನ ಸೀಮೆಯಲ್ಲಿಯೇ ಇರುವುದರಿಂದ, ಕೇದಾರವೆಂಬ ಹೆಸರು ನಮ್ಮ ಹಳ್ಳಿಗಳ ಮುದುಕಿಯರ ಬಾಯಲ್ಲಿ ನೆರೆಯೂರಿನ ಹೆಸರಿನಂತೆ ಆಡುತ್ತದೆ.

ದೆಹಲಿಯವರೆಗಿನ ರೈಲಿನ ಪ್ರಯಾಣವನ್ನೂ ಹರಿದ್ವಾರದ ಗಂಗಾಸ್ನಾನವನ್ನೂ ವರ್ಣಿಸಿ ವಾಚಕರನ್ನು ಬೇಸರಪಡಿಸುವುದಿಲ್ಲ. ಹೃಷೀಕೇಶವನ್ನು ಬಿಟ್ಟೊಡನೆಯೇ ರಸ್ತೆ ಬೆಟ್ಟದ ಮಗ್ಗುಲನ್ನು ಹಿಡಿಯುತ್ತದೆ. ಒಂದು ಕಡೆ ಗೋಡೆಯಂತೆ ನಿಂತ ಬೆಟ್ಟ, ಇನ್ನೊಂದು ಕಡೆ ಪಾತಾಳದಲ್ಲಿ ಹರಿಯುವ ಗಂಗೆ. ಎಪ್ಪತ್ತು ಕಿಲೋಮೀಟರಿನಷ್ಟು ದೂರ ಹೋದರೆ ದೇವಪ್ರಯಾಗ. ಬದರಿಯ ಕಡೆಯಿಂದ ಅಲಕನಂದೆಯೂ ಗಂಗೋತ್ರಿಯ ಕಡೆಯಿಂದ ಭಾಗೀರಥಿಯೂ ಇಲ್ಲಿ ಕೂಡುತ್ತವೆ. ಇಲ್ಲಿಂದ ಮುಂದೆ ನದಿಗೆ ಗಂಗೆಯೆಂಬ ಹೆಸರು. ಎರಡು ನದಿಗಳ ನೀರಿನ ಬಣ್ಣ ಬೇರೆ ಬೇರೆಯಾಗಿ ಸ್ವಲ್ಪ ದೂರ ಜೊತೆಜೊತೆಯಾಗಿ ಹರಿದು ಆಮೇಲೆ ಬೆರೆಯುವುದನ್ನು ನಾವು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ನೋಡಿದೆವು. "ಇಷ್ಟು ನೀರು ಹರಿದು ಹೋಗ್ತಾ ಐತೆ, ತಡೆಯೋರು ಯಾರೂ ಇಲ್ವೇನಪ್ಪಾ?" ಎಂದು ತಾಯಿಯವರು ಕೇಳಿದರು. ಬರದ ಸೀಮೆಯವರ ಕಣ್ಣಿಗೆ ಮೊದಲು ಬೀಳುವುದು ಅದೇ.

ನೀರನ್ನು ತಡೆದರೆ ಏನಾಗಬಹುದೆಂಬುದಕ್ಕೆ ಮುಂದಿನ ಊರಾದ ಶ್ರೀನಗರದಲ್ಲಿ ಒಂದು ಹಳೆಯ ಕಥೆಯಿದೆ. ಇದು ಕಾಶ್ಮೀರದ ಶ್ರೀನಗರವಲ್ಲ. ಗಢವಾಲದ ಅರಸರ ಹಳೆಯ ರಾಜಧಾನಿ. ೧೮೯೩ರಲ್ಲಿ ಮೇಲಿನ ಕಣಿವೆಯಲ್ಲಿ ಒಂದು ಬೆಟ್ಟವೇ ಜಾರಿ ಬಿರಹಿಗಂಗೆಗೆ ಅಡ್ಡಲಾಗಿ ಬಿದ್ದಿತು. ನದಿಯ ಹಿಂದೆ ಗೋಹನಾ ಎಂಬಲ್ಲಿ ದೊಡ್ಡ ಕೆರೆ ತುಂಬತೊಡಗಿತು. ಈ ಮಣ್ಣಿನ ಕಟ್ಟೆ ನಿಲ್ಲಲಾರದೆಂದು ಆಗಿನ ಇಂಜಿನಿಯರುಗಳು ಲೆಕ್ಕ ಹಾಕಿ, ಕೆರೆಯ ದಡದಿಂದ ಕೆಳಗಿನ ಊರುಗಳಿಗೆ ತಂತಿ ಎಳೆಯಿಸಿ, ಕಾವಲು ಕುಳಿತರು. ಮರುವರ್ಷ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಕಟ್ಟೆ ಒಡೆಯಿತು. ಶ್ರೀನಗರವು ಕೊಚ್ಚಿಹೋಯಿತು, ಆದರೆ ಜನರನ್ನು ಮೊದಲೇ ಮೇಲಕ್ಕೆ ಕಳುಹಿಸಿದ್ದುದರಿಂದ ಅಷ್ಟು ದೊಡ್ಡ ಪ್ರವಾಹದಲ್ಲಿ ಸತ್ತವರು ಐವರು ಮಾತ್ರ. ಎಚ್ಚರಿಕೆಯ ಮಾತನ್ನು ಕೇಳಿಯೂ ಕೆರೆಯ ಬಳಿಗೆ ಹಿಂದಿರುಗಿದ ಒಂದೇ ಕುಟುಂಬದವರು ಅವರು. ಈಗಿರುವ ಊರು ಆಮೇಲೆ ಕಟ್ಟಿದ್ದು. ನೂರ ಮೂವತ್ತು ವರ್ಷಗಳ ಹಿಂದೆ ಒಂದು ತಂತಿಯಿಂದ ಆದ ಕೆಲಸವು ೨೦೧೩ರಲ್ಲಿ ಏಕಾಗಲಿಲ್ಲವೆಂಬ ಪ್ರಶ್ನೆಯು ಮುಂದಿನ ಹತ್ತು ದಿನವೂ ನಮ್ಮ ಬೆನ್ನು ಬಿಡಲಿಲ್ಲ.

ರುದ್ರಪ್ರಯಾಗದ ಹೆಸರನ್ನು ಬಲ್ಲ ಕನ್ನಡಿಗರು ಅನೇಕರು. ೧೯೧೮ರಿಂದ ಎಂಟು ವರ್ಷ ಯಾತ್ರಿಕರ ದಾರಿಯನ್ನು ರಾತ್ರಿಯ ಹೊತ್ತು ನಡುಗಿಸಿ, ನೂರಿಪ್ಪತ್ತೈದು ಮಂದಿಯನ್ನು ತಿಂದ ಚಿರತೆಯನ್ನು ಜಿಮ್ ಕಾರ್ಬೆಟ್ಟನು ೧೯೨೬ರ ಮೇ ತಿಂಗಳಲ್ಲಿ ಹೊಡೆದುದು ಇಲ್ಲಿಯೇ. ಆ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ, ಭಾವಮೈದುನನು ಪ್ರತಿಯೊಂದು ಮಾವಿನ ಮರವನ್ನೂ 'ಇದೇ ಇರಬೇಕು ಭಾವ' ಎಂದು ತೋರಿಸುತ್ತ ಬಂದನು. ಇಲ್ಲಿ ಅಲಕನಂದೆಯನ್ನು ಕೂಡುವ ಮಂದಾಕಿನಿಯೇ ಕೇದಾರದ ನದಿ. ಅದರ ದಡ ಹಿಡಿದು, ಅಗಸ್ತ್ಯಮುನಿಯೆಂಬ ಊರನ್ನು ದಾಟಿ, ೮ನೆಯ ತಾರೀಖಿನ ಸಂಜೆ ಊಖೀಮಠವನ್ನು ಸೇರಿದೆವು.

ಊಖೀಮಠವು ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಮುನ್ನೂರು ಅಡಿಗಳ ಎತ್ತರದಲ್ಲಿರುವ ಸಣ್ಣ ಊರು. ನದಿಯಾಚೆಯ ಬೆಟ್ಟದ ಮೇಲೆ ಸರಿಸುಮಾರು ಅಷ್ಟೇ ಎತ್ತರದಲ್ಲಿ ಗುಪ್ತಕಾಶಿಯಿದೆ. ರಾತ್ರಿ ಈ ಊರಿನ ದೀಪಗಳು ಆ ಊರಿಗೂ ಆ ಊರಿನವು ಈ ಊರಿಗೂ ಕಾಣುತ್ತವೆ, ಕೂಗಿದರೆ ಕೇಳೀತೆನಿಸುತ್ತದೆ, ಹೋಗಬೇಕಾದರೆ ಮಾತ್ರ ಕಣಿವೆಯ ತಳಕ್ಕಿಳಿದು ಮತ್ತೆ ಹತ್ತಬೇಕು. ಬಾಣಾಸುರನ ಮಗಳು ಉಷೆಗೂ ಶ್ರೀಕೃಷ್ಣನ ಮೊಮ್ಮಗ ಅನಿರುದ್ಧನಿಗೂ ಮದುವೆಯಾದುದು ಇಲ್ಲಿಯೇ, ಅದರಿಂದ ಉಷಾಮಠವೆಂಬುದೇ ಊಖೀಮಠವಾಯಿತು ಎನ್ನುತ್ತಾರೆ. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಕಣಿವೆಯ ತಲೆಯಲ್ಲಿ ಹಿಮದ ಶಿಖರಗಳು. ಬಿಸಿಲು ಮೊದಲು ಅವುಗಳ ನೆತ್ತಿಗೆ ಬಿದ್ದು, ಗಂಟೆಗಳ ಮೇಲೆ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು.

ನಾವು ಇಳಿದುಕೊಂಡಿದ್ದ ಮನೆ ಒಬ್ಬ ಹೆಂಗಸಿನದು. ಕೆಳಗೆ ತಾನು ಇದ್ದುಕೊಂಡು ಮೇಲಿನ ಎರಡು ಕೋಣೆಗಳನ್ನು ಯಾತ್ರಿಕರಿಗೆ ಬಾಡಿಗೆಗೆ ಕೊಡುತ್ತಾಳೆ. ಆಕೆಯ ಗಂಡ ರಾಮಬಾಡದಲ್ಲಿ ಚಹದ ಅಂಗಡಿ ಇಟ್ಟಿದ್ದನು. ಗೌರೀಕುಂಡಕ್ಕೂ ಕೇದಾರಕ್ಕೂ ನಡುದಾರಿಯಲ್ಲಿ ಯಾತ್ರಿಕರು ತಂಗುತ್ತಿದ್ದ ರಾಮಬಾಡವೆಂಬ ಊರು ೨೦೧೩ರ ಜೂನ್ ತಿಂಗಳಲ್ಲಿ ಗುರುತೇ ಇಲ್ಲದಂತೆ ಹೋಯಿತು. ಈ ಕಣಿವೆಯ ಹಳ್ಳಿಗಳ ಗಂಡಸರು ವರ್ಷದ ಆರು ತಿಂಗಳು ಯಾತ್ರಿಕರನ್ನು ನಂಬಿ ಮೇಲೆ ಇರುವವರಾದುದರಿಂದ, ಒಂದೊಂದು ಹಳ್ಳಿಯಲ್ಲಿ ಹತ್ತಾರು ಮನೆಗಳ ದೀಪ ಒಮ್ಮೆಗೇ ಆರಿತು. ಸತ್ತವರೂ ಕಾಣೆಯಾದವರೂ ಸೇರಿ ಐದು ಸಾವಿರಕ್ಕೂ ಹೆಚ್ಚು ಜನರೆಂದು ಸರ್ಕಾರದ ಲೆಕ್ಕ. ಈ ಹೆಂಗಸಿಗೆ ಗಂಡನ ದೇಹವೂ ಸಿಕ್ಕಲಿಲ್ಲ. ನಮ್ಮ ಹರಕು ಹಿಂದಿಯಲ್ಲಿ ಇದಿಷ್ಟನ್ನು ಕೇಳಿ ತಾಯಿಯವರಿಗೆ ಹೇಳಿದೆವು. ಅವರು ಏನೂ ಮಾತಾಡದೆ ಎದ್ದು ಹೋಗಿ ಆಕೆ ಸೋಸುತ್ತಿದ್ದ ಸೊಪ್ಪಿನ ಮುಂದೆ ಕುಳಿತರು.

ಆ ಅಡುಗೆಮನೆಯಲ್ಲಿ ಒಂದು ವಿಷಯ ಬೆಳಕಿಗೆ ಬಂತು. ಆಕೆ 'ಮಂಡುವಾ' ಎಂದು ತಂದಿಟ್ಟ ಹಿಟ್ಟು ನಮ್ಮ ರಾಗಿಹಿಟ್ಟೇ! 'ಝಂಗೋರಾ' ಎಂಬುದು ನಮ್ಮ ಊದಲು. 'ಗಹತ್' ಎಂಬುದು ಹುರುಳಿ. ನಮ್ಮ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವಂತೆಯೇ, ಅಲ್ಲಿಯ ಮೆಟ್ಟಿಲು ಹೊಲಗಳಲ್ಲಿ ಹನ್ನೆರಡು ಬಗೆಯ ಕಾಳುಗಳನ್ನು ಕೂಡಿಸಿ ಬಿತ್ತುವ ಪದ್ಧತಿಯುಂಟು. ಅದಕ್ಕೆ 'ಬಾರಾನಾಜಾ' ಎಂದು ಹೆಸರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುವುದೆಂಬ ಲೆಕ್ಕಾಚಾರ ಎರಡು ಕಡೆಯೂ ಒಂದೇ. ಆದರೆ ಆ ಮನೆಯಲ್ಲಿ ರಾಗಿಯಿಂದ ರೊಟ್ಟಿಯನ್ನೇ ಬಡಿಯುತ್ತಿದ್ದರು, ನಮ್ಮ ಮುದ್ದೆಯನ್ನು ಆಕೆ ಅರಿಯಳು. ಇದನ್ನು ಕೇಳಿ ತಾಯಿಯವರಿಗೆ ತಡೆಯಲಾಗಲಿಲ್ಲ. ಎಸರಿಟ್ಟು, ಮುದ್ದೆಕೋಲು ಇಲ್ಲದ್ದರಿಂದ ಲಟ್ಟಣಿಗೆಯಿಂದಲೇ ತೊಳಸಿ, ಹುರುಳಿ ಸಾರು ಮಾಡಿ, ಆ ಹೆಂಗಸಿಗೆ ಬಡಿಸಿದರು. ಅಗಿಯದೆ ನುಂಗಬೇಕೆಂಬುದನ್ನು ಕೈಸನ್ನೆಯಿಂದ ಕಲಿಸಲು ಹೋಗಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಆ ಇಬ್ಬರು ಅಂದಿನಿಂದ ಅಡುಗೆಮನೆಯಲ್ಲಿ ದಿನವೂ ಗಂಟೆಗಟ್ಟಲೆ ಮಾತಾಡಿದರು.

ಮರುದಿನ ಓಂಕಾರೇಶ್ವರನ ಗುಡಿಗೆ ಹೋದೆವು. ನಮ್ಮೊಳಗೆ ನಾವು ಆಡುತ್ತಿದ್ದ ಮಾತನ್ನು ಕೇಳಿಸಿಕೊಂಡ ಅರ್ಚಕರೊಬ್ಬರು ತಿರುಗಿ, "ಯಾವ ಊರವರು ತಾಯಿ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಮನೆಯಿಂದ ಹೊರಟ ಮೇಲೆ ಪರರ ಬಾಯಿಂದ ಕೇಳಿದ ಮೊದಲ ಕನ್ನಡದ ಮಾತು ಅದು. ತಾಯಿಯವರು ಉತ್ತರ ಹೇಳುವ ಮೊದಲು ಕಣ್ಣೊರೆಸಿಕೊಂಡರು. ಅರ್ಚಕರು ಅಲ್ಲಿಯ ಕ್ರಮವನ್ನು ನಮಗೆ ವಿವರಿಸಿದರು. ಕೇದಾರದ ಗುಡಿಯ ಬಾಗಿಲನ್ನು ದೀಪಾವಳಿಯ ನಂತರದ ಯಮದ್ವಿತೀಯೆಯ ದಿನ ಮುಚ್ಚುತ್ತಾರೆ. ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ಗೊತ್ತು ಮಾಡುತ್ತಾರೆ. ನಡುವಿನ ಆರು ತಿಂಗಳು ಮೇಲೆ ಹಿಮವಲ್ಲದೆ ಬೇರೇನೂ ಇಲ್ಲ. ಆಗ ಸ್ವಾಮಿಯ ಉತ್ಸವಮೂರ್ತಿಯು ಡೋಲಿಯಲ್ಲಿ ಮೂರು ದಿನ ಪ್ರಯಾಣ ಮಾಡಿ ಇದೇ ಗುಡಿಗೆ ಬರುತ್ತದೆ. ಚಳಿಗಾಲದ ಪೂಜೆಯೆಲ್ಲ ಇಲ್ಲಿಯೇ. ಆ ವರ್ಷ ಬಾಗಿಲು ಮುಚ್ಚುವುದು ನವೆಂಬರ್ ೧೫ಕ್ಕೆಂದು ಗೊತ್ತಾಗಿತ್ತು.

೧೦ನೆಯ ತಾರೀಖು ಬೆಳಗ್ಗೆ ನಾಲ್ವರೂ ಮೇಲಕ್ಕೆ ಹೊರಟೆವು. ಸೋನ್‌ಪ್ರಯಾಗದಲ್ಲಿ ಯಾತ್ರಿಕರ ಆರೋಗ್ಯ ಪರೀಕ್ಷೆ ನಡೆಯುತ್ತದೆ. ವೈದ್ಯರು ತಾಯಿಯವರ ಬೆರಳಿಗೆ ಚಿಮಟದಂತಹ ಸಣ್ಣ ಯಂತ್ರವನ್ನು ಸಿಕ್ಕಿಸಿ ನೋಡಿ, ಎದೆಗೆ ಕಿವಿಗೊಟ್ಟು, ಇವರು ಮೇಲಕ್ಕೆ ಹೋಗುವುದು ಸರಿಯಲ್ಲವೆಂದರು. ನಡೆಯಲಾರದವರಿಗೆ ಕುದುರೆಯಿದೆ, ಡೋಲಿಯಿದೆ, ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರುವವರಿದ್ದಾರೆ ಎಂದು ನಾವು ವಾದಿಸಿದೆವು. ವೈದ್ಯರು ಸಮಾಧಾನದಿಂದ ತಿಳಿಸಿ ಹೇಳಿದರು: ಗೌರೀಕುಂಡವಿರುವುದು ಆರೂವರೆ ಸಾವಿರ ಅಡಿಗಳ ಎತ್ತರದಲ್ಲಿ, ಕೇದಾರವಿರುವುದು ಹನ್ನೊಂದು ಸಾವಿರದ ಏಳುನೂರ ಐವತ್ತು ಅಡಿಗಳಿಗೂ ಮೇಲೆ, ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕಾಲಿಗೆ ಆಗುವ ಶ್ರಮವನ್ನು ಕುದುರೆ ಹೊರಬಹುದು. ಉಸಿರಿಗೆ ಆಗುವ ಶ್ರಮವನ್ನು ಹೊರುವವರು ಯಾರೂ ಇಲ್ಲ. ಹಿಂದಿನ ವರ್ಷ, ೨೦೨೨ರಲ್ಲಿ, ನಾಲ್ಕು ಧಾಮಗಳ ದಾರಿಯಲ್ಲಿ ಎರಡು ನೂರಕ್ಕೂ ಹೆಚ್ಚು ಯಾತ್ರಿಕರು ಎದೆಯೂ ಉಸಿರೂ ಸೋತು ತೀರಿಕೊಂಡಿದ್ದರು.

ಭಾವಮೈದುನನು, "ಹೆಲಿಕಾಪ್ಟರಿನಲ್ಲಿ ಹತ್ತು ನಿಮಿಷದ ಮಾತು ಭಾವ, ಹೋಗಿ ಕೈಮುಗಿದು ಇಳಿದುಬಿಟ್ಟರೆ ಆಯಿತು" ಎಂದನು. ನಿಜವನ್ನು ಹೇಳಬೇಕಾದರೆ ನಮ್ಮ ಮನಸ್ಸೂ ಆ ಕಡೆಗೇ ವಾಲಿತು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಕರೆತಂದು, ಇನ್ನು ಕೆಲವೇ ಕಿಲೋಮೀಟರು ಉಳಿದಿರುವಾಗ ಹಿಂದಿರುಗಿಸುವುದೆಂದರೆ ಹೇಗೆ? ತಂದೆಯವರಿಗೆ 'ಬಿತ್ತನೆ ಮುಗಿಯಲಿ' ಎಂದು ಆಗ ಹೇಳಿದವರೂ ನಾವೇ. ಆದರೆ ಹತ್ತು ನಿಮಿಷದಲ್ಲಿ ಅಷ್ಟೆತ್ತರಕ್ಕೆ ಏರಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇರದೆಂದು ವೈದ್ಯರು ಮತ್ತೆ ಎಚ್ಚರಿಸಿದರು. ಏನೂ ತೋರದೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆವು.

ತೀರ್ಮಾನ ಮಾಡಿದವರು ತಾಯಿಯವರೇ. "ಸ್ವಾಮಿ ತಾನೇ ಇಳಿದು ಊಖೀಮಠಕ್ಕೆ ಬರ್ತಾನೆ ಅಂತ ಅಯ್ಯನೋರು ನಿನ್ನೆ ಹೇಳಲಿಲ್ವೇ? ಇನ್ನೊಂದು ವಾರದ ಮಾತು. ಬರೋನನ್ನ ಬಾಗಿಲಲ್ಲಿ ನಿಂತು ಕಾದರೆ ಆಯ್ತು. ನೀವು ಹೋಗಿ ಬನ್ನಿ" ಎಂದರು. ಅಡಿಕೆಯ ಗಂಟನ್ನಾದರೂ ನಮ್ಮ ಕೈಯಲ್ಲಿ ಕೊಡಿರೆಂದು ಕೇಳಿದೆವು. "ಅದು ನನ್ನ ಕೈಯಿಂದಲೇ ಹೋಗಬೇಕು" ಎಂದು ಸೆರಗನ್ನು ಬಿಗಿಯಾಗಿ ಹಿಡಿದರು. ನಮ್ಮ ಮನೆಯಾಕೆಯು, "ಅತ್ತೆಯವರ ಜೊತೆಗೆ ನಾನಿರುತ್ತೇನೆ" ಎಂದು ಅವರೊಡನೆ ಅದೇ ಮೋಟಾರಿನಲ್ಲಿ ಹಿಂದಿರುಗಿದಳು.

ಮರುದಿನ ನಸುಕಿನಲ್ಲಿ ಭಾವಮೈದುನನೊಡನೆ ಗೌರೀಕುಂಡದಿಂದ ಹತ್ತತೊಡಗಿದೆವು. ಹಿಂದೆ ಹದಿನಾಲ್ಕು ಕಿಲೋಮೀಟರಿದ್ದ ದಾರಿ, ಪ್ರವಾಹದ ಮೇಲೆ ನದಿಯನ್ನು ದಾಟಿ ಎದುರು ಬೆಟ್ಟವನ್ನು ಬಳಸಿ ಹೋಗುವುದರಿಂದ, ಹದಿನಾರು ಕಿಲೋಮೀಟರಾಗಿದೆ. ರಾಮಬಾಡವಿದ್ದ ಸ್ಥಳದಲ್ಲಿ ಮನೆಯಷ್ಟು ದೊಡ್ಡ ಬಂಡೆಗಳೂ ಅವುಗಳ ನಡುವೆ ಹರಿಯುವ ನೀರೂ ಮಾತ್ರ ಇವೆ. ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಕಾಡು ಮುಗಿದು, ಹುಲ್ಲೂ ಕಡಮೆಯಾಗಿ, ಪ್ರತಿ ಇಪ್ಪತ್ತು ಹೆಜ್ಜೆಗೂ ನಿಂತು ಉಸಿರು ತೆಗೆದುಕೊಳ್ಳಬೇಕಾದಾಗ, ಹಿಂದಿನ ದಿನ ವೈದ್ಯರು ಹೇಳಿದ್ದರ ಅರ್ಥ ನಮಗೆ ಚೆನ್ನಾಗಿ ತಿಳಿಯಿತು. ಮಧ್ಯಾಹ್ನದ ಮೇಲೆ ದೇವಸ್ಥಾನ ಕಂಡಿತು: ಬೂದುಬಣ್ಣದ ದೊಡ್ಡ ಕಲ್ಲುಗಳ ಗಟ್ಟಿಯಾದ ಗುಡಿ, ಅದರ ಹಿಂದೆ ಆಕಾಶಕ್ಕೆ ಒರಗಿದಂತೆ ಇಪ್ಪತ್ತೆರಡು ಸಾವಿರದ ಏಳುನೂರು ಅಡಿಗಳನ್ನೂ ಮೀರಿದ ಕೇದಾರ ಶಿಖರ.

೨೦೧೩ರಲ್ಲಿ ಮೇಲಿನ ಚೋರಾಬಾಡಿ ಕೆರೆಯು ಎಡೆಬಿಡದ ಮಳೆಯಿಂದಲೂ ಕರಗಿದ ಹಿಮದಿಂದಲೂ ತುಂಬಿ, ೧೭ನೆಯ ತಾರೀಖು ಬೆಳಗ್ಗೆ ಅದರ ಕಲ್ಲುಮಣ್ಣಿನ ಒಡ್ಡು ಒಡೆದಾಗ, ನೀರಿನೊಡನೆ ಉರುಳಿಬಂದ ಒಂದು ಹೆಬ್ಬಂಡೆಯು ಗುಡಿಯ ಹಿಂದೆ ನಿಂತುಬಿಟ್ಟಿತು. ಪ್ರವಾಹವು ಅದಕ್ಕೆ ತಾಗಿ ಎರಡಾಗಿ ಸೀಳಿ, ಗುಡಿಯ ಎಡಬಲಗಳಲ್ಲಿ ಹಾದುಹೋಯಿತು. ಸುತ್ತಲಿನ ಊರೆಲ್ಲ ಹೋಗಿ ಗುಡಿಯೊಂದು ಉಳಿಯಿತು. ಆ ಬಂಡೆಯನ್ನು ಈಗ ಭೀಮಶಿಲೆಯೆಂದು ಕರೆದು ಪೂಜಿಸುತ್ತಾರೆ. ಗುಡಿಯ ಹಿಂದಿದ್ದ ಶಂಕರಾಚಾರ್ಯರ ಸಮಾಧಿಯೂ ಅಂದು ಕೊಚ್ಚಿಹೋಯಿತು. ಅಲ್ಲಿಯೇ ಈಗ ನೆಲದೊಳಗೆ ಇಳಿದಂತೆ ಕಟ್ಟಿದ ಮಂಟಪದಲ್ಲಿ ಕಪ್ಪು ಶಿಲೆಯ ಹನ್ನೆರಡು ಅಡಿಯ ಶಂಕರರ ಪ್ರತಿಮೆ ಕುಳಿತಿದೆ. ೨೦೨೧ರ ನವೆಂಬರ್ ೫ರಂದು ಅನಾವರಣಗೊಂಡ ಈ ಮೂರ್ತಿಯನ್ನು ಕಡೆದವರು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು. ಕನ್ನಡ ನಾಡಿನ ಉಳಿಯ ಕೆಲಸವನ್ನು ಹಿಮದ ನಡುವೆ ಕಂಡು ನಮಗಾದ ಸಂತೋಷವನ್ನು ವಾಚಕರೇ ಊಹಿಸಿಕೊಳ್ಳಬಹುದು. ಮರುದಿನ ಬೆಳಗ್ಗೆ ಗೂಳಿಯ ಹಿಣಿಲಿನಂತೆ ಮೂರು ಮೂಲೆಯಾಗಿ ಎದ್ದಿರುವ ಕೇದಾರಲಿಂಗದ ದರ್ಶನ ಮಾಡಿ, ಇಳಿಯತೊಡಗಿದೆವು. ಎಲ್ಲವೂ ಚೆನ್ನಾಗಿತ್ತು, ಆದರೆ ಯಾರಿಗಾಗಿ ಬಂದೆವೋ ಅವರಿಲ್ಲದ ದರ್ಶನವು ಅರ್ಧದರ್ಶನವೇ ಆಗಿತ್ತು.

ಊಖೀಮಠವನ್ನು ಸೇರಿದಾಗ ಕತ್ತಲಾಗಿತ್ತು, ಅಂದು ದೀಪಾವಳಿ. ಹುಡುಗರು ದೇವದಾರಿನ ಜಾತಿಯ ಚೀಡ್ ಮರದ ರಾಳದ ಸೀಳುಗಳನ್ನು ಬಳ್ಳಿಯಿಂದ ಕಟ್ಟಿ, ಹೊತ್ತಿಸಿ, ತಲೆಯ ಸುತ್ತ ತಿರುಗಿಸುತ್ತಿದ್ದರು; ಅದಕ್ಕೆ 'ಭೈಲೋ' ಎನ್ನುತ್ತಾರೆ. ತಾಯಿಯವರೂ ಮನೆಯಾಕೆಯೂ ಆ ಮನೆಯ ಹೊಸ್ತಿಲಿಗೆ ನಮ್ಮ ಊರಿನ ಕ್ರಮದಂತೆ ದೀಪವಿಟ್ಟು ಕಾದಿದ್ದರು. ಆದರೆ ಊರಿನಲ್ಲಿ ಹಬ್ಬದ ಸಡಗರದ ಜೊತೆಗೆ ಒಂದು ಕಳವಳವೂ ಇತ್ತು. ಅದೇ ದಿನ ಬೆಳಗಿನ ಜಾವ ಉತ್ತರಕಾಶಿಯ ಕಡೆ ಸಿಲ್‌ಕ್ಯಾರಾದಲ್ಲಿ, ಯಾತ್ರೆಯ ರಸ್ತೆಗಾಗಿ ಕೊರೆಯುತ್ತಿದ್ದ ಸುರಂಗ ಕುಸಿದು ನಾಲ್ವತ್ತೊಂದು ಮಂದಿ ಕೆಲಸಗಾರರು ಒಳಗೆ ಸಿಕ್ಕಿಕೊಂಡಿದ್ದರು. ಅಂದಿನಿಂದ ತಾಯಿಯವರು ದಿನವೂ ಎದ್ದೊಡನೆ ಕೇಳುತ್ತಿದ್ದ ಮೊದಲ ಮಾತು, "ಆ ಹುಡುಗರು ಹೊರಗೆ ಬಂದರೇ?" ಎಂಬುದು.

ಕಾಯಬೇಕಾದ ದಿನಗಳಲ್ಲಿ ಸುತ್ತಲಿನ ಕಣಿವೆಗಳನ್ನು ನೋಡಿದೆವು. ಚೋಪ್ತಾ ಎಂಬುದು ಎಂಟು ಸಾವಿರದ ಎಂಟುನೂರು ಅಡಿಗಳ ಎತ್ತರದ ಹುಲ್ಲುಗಾವಲು. ಅದರ ಮೇಲೆ ಹನ್ನೆರಡು ಸಾವಿರ ಅಡಿಗಳಲ್ಲಿ ತುಂಗನಾಥನ ಗುಡಿಯಿದೆ. ಅದರ ಬಾಗಿಲು ಆಗಲೇ ಮುಚ್ಚಿದ್ದುದರಿಂದ ಕೆಳಗಿನಿಂದಲೇ ಕೈಮುಗಿದೆವು. ತ್ರಿಯುಗೀನಾರಾಯಣದಲ್ಲಿ ಶಿವಪಾರ್ವತಿಯರ ಮದುವೆಯ ಹೋಮಕುಂಡದ್ದೆಂದು ಹೇಳುವ ಬೆಂಕಿಯನ್ನು ಇಂದಿಗೂ ಆರದಂತೆ ಕಾಪಾಡುತ್ತಾರೆ. ಕೇದಾರದ ದಾರಿಯ ಫಾಟಾ ಎಂಬ ಊರನ್ನು ಈಗ ಎಲ್ಲರೂ ಹೆಲಿಕಾಪ್ಟರಿಗಾಗಿ ಬಲ್ಲರು. ಆದರೆ ೧೯೭೩ರ ಡಿಸೆಂಬರಿನಲ್ಲಿ ಅಲ್ಲಿಯ ಕಾಡನ್ನು ಕಡಿಯಲು ಬಂದವರನ್ನು ಹಳ್ಳಿಗರು ತಡೆದು ಹಿಂದಕ್ಕೆ ಕಳುಹಿಸಿದರು. ಮೂರು ತಿಂಗಳ ಮೇಲೆ, ೧೯೭೪ರ ಮಾರ್ಚ್ ೨೬ರಂದು, ರೇಣಿ ಗ್ರಾಮದಲ್ಲಿ ಗೌರಾದೇವಿಯೂ ಅವಳ ಸಂಗಡದ ಹೆಂಗಸರೂ ಮರಗಳನ್ನು ಕಾಯ್ದುಕೊಂಡ ಚಿಪ್ಕೋ ಚಳವಳಿಯ ಮೊದಲ ಹೆಜ್ಜೆಗಳು ಇಂತಹ ಊರುಗಳಲ್ಲಿಯೇ ಮೂಡಿದುವು. ಅದರ ಮಾತು ನಮ್ಮ ಕನ್ನಡ ನಾಡಿಗೂ ಬಂದು, ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿಯ ಸೀಮೆಯ ಸಾಲ್ಕಣಿಯ ಜನರು 'ಅಪ್ಪಿಕೋ' ಎಂದು ಮರಗಳನ್ನು ತಬ್ಬಿ ನಿಂತುದು ವಾಚಕ ಮಹಾಶಯರಿಗೆ ನೆನಪಿದ್ದೀತು. ಬೆಟ್ಟದ ಮರ ಹೋದರೆ ಮಣ್ಣು ಸಡಿಲವಾಗಿ, ಮಳೆಗಾಲದಲ್ಲಿ ಬೆಟ್ಟವೇ ಜಾರಿ ಮನೆಯ ಮೇಲೆ ಬೀಳುವುದೆಂಬುದನ್ನು ಆ ಹೆಂಗಸರು ಪುಸ್ತಕದಿಂದ ಕಲಿತವರಲ್ಲ. ೨೦೧೨ರ ಸೆಪ್ಟೆಂಬರಿನಲ್ಲಿ ಊಖೀಮಠದ ಸುತ್ತಲಿನ ಹಳ್ಳಿಗಳ ಮೇಲೆಯೇ ರಾತ್ರೋರಾತ್ರಿ ಬೆಟ್ಟ ಜಾರಿ ಬಿದ್ದು ಅನೇಕರು ಮಡಿದಿದ್ದರು. ಅದಿರು ತೆಗೆಯುವ ಗುಡ್ಡಗಳ ಸಮೀಪ ಬಾಳುವ ನಾವು ಇದನ್ನು ಕೇಳಿ ಸುಮ್ಮನೆ ತಲೆದೂಗಿ ಬರುವಂತಿರಲಿಲ್ಲ.

೧೭ನೆಯ ತಾರೀಖು ಬಂತು. ೧೫ರ ಬೆಳಗ್ಗೆ ಕೇದಾರದ ಲಿಂಗಕ್ಕೆ ಭಸ್ಮವನ್ನೂ ಹೂವುಗಳನ್ನೂ ಹೊದಿಸಿ ಬಾಗಿಲು ಹಾಕಿ, ಅಂದು ರಾತ್ರಿ ರಾಮಪುರದಲ್ಲಿಯೂ ಮರುದಿನ ಗುಪ್ತಕಾಶಿಯಲ್ಲಿಯೂ ತಂಗಿದ ಡೋಲಿಯು ಅಂದು ಊಖೀಮಠವನ್ನು ಸೇರಬೇಕು. ಬೆಳಗಿನಿಂದಲೇ ಹಳ್ಳಿಗಳ ಜನರು ಹೊಸ ಬಟ್ಟೆಯುಟ್ಟು ರಸ್ತೆಯ ಎರಡು ಬದಿಯಲ್ಲಿ ಸೇರಿದರು. ಮನೆಯೊಡತಿಯು ಬಾಗಿಲಲ್ಲಿ ನಿಂತು ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದಳು. ಗಂಡ ಹೋದ ಮೇಲೆ ಕೆಲವು ವರ್ಷ ಡೋಲಿ ಬರುವ ದಿನ ಆಕೆ ಬಾಗಿಲನ್ನೇ ತೆರೆಯುತ್ತಿರಲಿಲ್ಲವಂತೆ. ತಾಯಿಯವರು ಏನೂ ಕೇಳದೆ ಆಕೆಯ ಕೈಹಿಡಿದು ಕರೆದುಕೊಂಡು ಹೊರಟರು.

ದೂರದಲ್ಲಿ ಸೇನೆಯ ವಾದ್ಯದ ದನಿಯೂ ಡೋಲುಗಳ ಸದ್ದೂ ಕೇಳಿಬಂತು. ಹೂವಿನಿಂದ ಮುಚ್ಚಿದ ಡೋಲಿಯು ತಿರುವಿನಲ್ಲಿ ಕಾಣಿಸಿದೊಡನೆ ಜನಸಮೂಹವು ಒಮ್ಮೆಲೇ ಮುಂದಕ್ಕೆ ನುಗ್ಗಿತು. ನಾವು ತಾಯಿಯವರ ಸುತ್ತ ಕೈಕಟ್ಟಿ ನಿಲ್ಲುವಷ್ಟರಲ್ಲಿ ನಾವೇ ಹಿಂದಕ್ಕೆ ತಳ್ಳಲ್ಪಟ್ಟೆವು. ಡೋಲಿಯು ನಮ್ಮೆದುರು ಹತ್ತು ಮಾರು ದೂರದಲ್ಲಿ ಹಾದು ಮುಂದೆ ಹೋಯಿತು. ತಾಯಿಯವರ ಮುಖವನ್ನು ನೋಡಲು ನಮಗೆ ಧೈರ್ಯವಾಗಲಿಲ್ಲ. ಆಗ ಮನೆಯೊಡತಿಯು ಗಢವಾಲಿಯಲ್ಲಿ ಏನೋ ಗಟ್ಟಿಯಾಗಿ ಕೂಗುತ್ತ, ಬುಜದಿಂದ ದಾರಿ ಮಾಡಿಕೊಂಡು, ತಾಯಿಯವರನ್ನು ಎಳೆದುಕೊಂಡೇ ಒಳದಾರಿಯಿಂದ ಗುಡಿಯ ಅಂಗಳಕ್ಕೆ ಹೋದಳು. ನಾವು ಹಿಂದಿನಿಂದ ಓಡಿ ಸೇರುವ ವೇಳೆಗೆ, ಇಳಿಸಿದ ಡೋಲಿಯ ಮುಂದೆ ತಾಯಿಯವರು ಸೆರಗಿನ ಗಂಟನ್ನು ಬಿಚ್ಚುತ್ತಿದ್ದರು. ಕೈ ನಡುಗಿ ಗಂಟು ಬಿಚ್ಚಲಿಲ್ಲ. ಮನೆಯೊಡತಿಯು ಹಲ್ಲಿನಿಂದ ಕಚ್ಚಿ ಬಿಡಿಸಿಕೊಟ್ಟಳು. ಹನ್ನೊಂದು ಅಡಿಕೆಗಳಲ್ಲಿ ಹತ್ತನ್ನು ತಾಯಿಯವರು ಡೋಲಿಯ ಬಳಿ ಇಟ್ಟು, ಉಳಿದ ಒಂದನ್ನು ಆಕೆಯ ಅಂಗೈಯಲ್ಲಿಟ್ಟು ಮುಚ್ಚಿದರು. ಆಕೆ ಅದನ್ನು ಡೋಲಿಯ ಬಳಿ ಇಟ್ಟು ನಮಸ್ಕರಿಸಿದಳು. ಇಬ್ಬರೂ ಯಾರ ಹೆಸರನ್ನು ಹೇಳಿಕೊಂಡರೆಂದು ನಾವು ಕೇಳಲಿಲ್ಲ.

ಮರುದಿನ ಹೊರಟು ೨೨ನೆಯ ತಾರೀಖು ಊರು ಸೇರಿದೆವು. ಹೊರಡುವಾಗ ಆಕೆ ಕೊಟ್ಟ ಒಂದು ಸೇರು ಝಂಗೋರಾ ತಾಯಿಯವರ ಚೀಲದಲ್ಲಿತ್ತು. ಅದನ್ನು ಮುಂದಿನ ಮುಂಗಾರಿಗೆ ತೋಟದ ಮೂಲೆಯಲ್ಲಿ ಚೆಲ್ಲುವುದೆಂದು ಅವರು ಆಗಲೇ ನಿಶ್ಚಯಿಸಿದ್ದರು. ೨೮ರ ರಾತ್ರಿ, ಸಿಲ್‌ಕ್ಯಾರಾದ ಸುರಂಗದಿಂದ ನಾಲ್ವತ್ತೊಂದು ಮಂದಿಯೂ ಹದಿನೇಳು ದಿನಗಳ ಮೇಲೆ ಜೀವಸಹಿತ ಹೊರಗೆ ಬಂದರೆಂಬ ಸುದ್ದಿ ಬಂದಾಗ, ತಾಯಿಯವರು ಎದ್ದು ಕಾರ್ತಿಕದ ದೀಪಗಳ ಸಾಲಿಗೆ ಇನ್ನೊಂದನ್ನು ಹಚ್ಚಿಟ್ಟರು. ದೊಡ್ಡ ಯಂತ್ರಗಳು ಕೆಟ್ಟು ನಿಂತ ಮೇಲೆ, ಕಡೆಯ ಕೆಲವು ಮಾರು ದೂರವನ್ನು ಕೈಯಿಂದ ಕೊರೆದು ಅವರನ್ನು ಹೊರತಂದವರು ಬಿಲ ತೋಡುವ ಬಡ ಕೆಲಸಗಾರರು.

ಹಿಮಾಲಯಕ್ಕೆ ಹೋಗಬಯಸುವ ಗೃಹಸ್ಥರಿಗೆ ಎರಡು ಮಾತು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳ ಮಳೆಯಲ್ಲಿ ಬೆಟ್ಟ ಜಾರುವುದು ಹೆಚ್ಚು. ಮೇ ತಿಂಗಳೂ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗಿನ ಕಾಲವೂ ಒಳ್ಳೆಯದು. ಹೆಸರು ನೋಂದಾಯಿಸದೆ ಮೇಲಕ್ಕೆ ಬಿಡುವುದಿಲ್ಲ; ಅದು ೨೦೧೩ರ ಪಾಠದಿಂದ ಬಂದ ನಿಯಮ, ಅದನ್ನು ತೊಂದರೆಯೆಂದು ಎಣಿಸಬಾರದು. ಗುಪ್ತಕಾಶಿಯಲ್ಲಿಯೋ ಊಖೀಮಠದಲ್ಲಿಯೋ ಒಂದೆರಡು ದಿನ ತಂಗಿ, ದೇಹವು ಎತ್ತರಕ್ಕೆ ಒಗ್ಗಲು ಸಮಯ ಕೊಟ್ಟು ನಿಧಾನವಾಗಿ ಹತ್ತಬೇಕು. ತಲೆನೋವು, ವಾಂತಿ, ಉಸಿರುಗಟ್ಟುವುದು ಇವುಗಳಲ್ಲಿ ಯಾವುದು ತೋರಿದರೂ ಕೂಡಲೇ ಇಳಿಯಬೇಕು. ಇಳಿಯುವುದೇ ಅದಕ್ಕೆ ಮೊದಲ ಔಷಧ. ಸೋನ್‌ಪ್ರಯಾಗದಿಂದ ಕೇದಾರಕ್ಕೆ ಹಗ್ಗದ ಮೇಲೆ ಓಡುವ ತೊಟ್ಟಿಲುಗಳ ದಾರಿಗೆ ೨೦೨೫ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅದು ಮುಗಿದರೆ ಕಾಲಿನ ಶ್ರಮ ತಪ್ಪೀತು. ಆದರೆ ಗಾಳಿಯು ಮಾತ್ರ ಆಗಲೂ ಅಷ್ಟೇ ತೆಳ್ಳಗಿರುವುದು. ಮನೆಯ ಹಿರಿಯರನ್ನು ಕರೆದೊಯ್ಯುವವರು ಹೊರಡುವ ಮೊದಲೇ ವೈದ್ಯರಿಗೆ ತೋರಿಸಲಿ. ಅವರು ಬೇಡವೆಂದರೆ, ಹಿರಿಯರನ್ನು ಮನೆಯಲ್ಲಿಯೇ ಬಿಟ್ಟುಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ಊಖೀಮಠದವರೆಗೆ ಮೋಟಾರಿನಲ್ಲಿ ಹೋಗಬಹುದು. ಅಲ್ಲಿ ಸ್ವಾಮಿಯೂ ಇರುತ್ತಾನೆ, ಕನ್ನಡದಲ್ಲಿ ಮಾತಾಡಿಸುವವರೂ ಸಿಕ್ಕಬಹುದು, ಕೇಳಿದರೆ ರಾಗಿಯ ಹಿಟ್ಟೂ ಸಿಕ್ಕುತ್ತದೆ. ಮುದ್ದೆಕೋಲನ್ನು ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗತಕ್ಕದ್ದು.